ಕಿತ್ತ ಗಿಡ ಹೇಳೂದು ಅರ್ಧ ಕತಿ: ನೆಲದೊಳಗಿನ ಬೇರು ನೋಡೂದು ಹೆಂಗ?

ಈ ಮುಂಗಾರಿನ್ಯಾಗ ನಡುವ ಮೂರು ವಾರ ಮಳಿ ಕೈಕೊಟ್ಟಿತ್ತಲ್ಲ, ಆವಾಗ ನಮ್ಮ ಕಾಕಾ ವಾಟ್ಸಾಪಿನ್ಯಾಗ ಒಂದು ವಿಡಿಯೋ ಕಳಿಸಿದ. ಯಾರೋ ಒಬ್ಬಾಂವ ಹೊಲದಾಗ ನಿಂತು ಎರಡು ಗೋವಿನಜೋಳದ ದಂಟು ಕಿತ್ತು ಕೈಯಾಗ ಹಿಡಕೊಂಡಾನ, ಎಡಗೈಯಾಗಿನ ದಂಟಿಗೆ ನಾಲ್ಕೇ ನಾಲ್ಕು ಬೇರು ಜೋತಾಡಾಕತ್ತಾವ, ಬಲಗೈಯಾಗಿನದಕ್ಕ ಕಸಬರಗಿ ಹಂಗ ಗಿಜಿಗಿಜಿ ಬೇರು. "ನೋಡ್ರಿ ಯಜಮಾನ್ರ, ನಮ್ಮ ಔಷಧಿ ಹಾಕಿದ್ದು ಇದು, ಹಾಕದ ಬಿಟ್ಟಿದ್ದು ಇದು" ಅಂತಾನ. ವಿಡಿಯೋ ಹಿಂದಿಂದೆ ಕಾಕಾನ ವಾಯ್ಸ್ ಮೆಸೇಜು: "ತಮ್ಮಾ, ನೀ ಸಾಲಿ ಕಲ್ತಾಂವ, ಇದು ಖರೇನ ಏನ್ ಬರೇ ಬೊಗಳೆನ ಹೇಳು, ಅಂಗಡಿಯಾಂವ ನಾಳೆ ಕೊನಿ ಸ್ಟಾಕ್ ಅನ್ನಾಕತ್ತಾನ."

ಔಷಧಿ ಒಳ್ಳೇದೋ ಕೆಟ್ಟದ್ದೋ ಅನ್ನೂದು ಬ್ಯಾರೆ ಮಾತು. ನಾ ಮೊದ್ಲು ನೋಡಿದ್ದು ಬೇರಲ್ಲ, ಅವಾ ಗಿಡ ಕಿತ್ತ ರೀತಿ. ಬುಡಕ್ಕ ಕೈಹಾಕಿ ಜಗ್ಗಿ ಕಿತ್ತಾನ. ಹಂಗ ಕಿತ್ತ ಗಿಡದಾಗ ಬೇರು ಎಷ್ಟು ಕಂಡ್ವು ಅನ್ನೂದಕ್ಕಿಂತ ಎಷ್ಟು ನೆಲದಾಗ ಉಳದ್ವು ಅನ್ನೂದ ದೊಡ್ಡ ಪ್ರಶ್ನೆ. ಕಾಕಾಗ ಫೋನಿನ್ಯಾಗ ಹೇಳಾಕ ಹೋದೆ, ಅರ್ಧ ತಾಸು ಆದ್ರೂ ಮುಗೀಲಿಲ್ಲ, ಹಂಗಾಗಿ ಬರದ ಬಿಡೂಣು ಅಂತ ಕುಂತೇನಿ. ನೆಲದೊಳಗ ಇರೂ ಬೇರನ್ನ ವಿಜ್ಞಾನಿಗಳು ಹೆಂಗ ನೋಡ್ತಾರ, ಹೆಂಗ ಅಳೀತಾರ, ಯಾವ ವಿಧಾನ ಎಲ್ಲಿ ಕೆಲಸಾ ಮಾಡ್ತೈತಿ, ಎಲ್ಲಿ ಮೋಸ ಹೋಗಿಸ್ತೈತಿ, ಇಷ್ಟು ವಿಷಯ.

ಬೇರು ಅಂದ್ರ ಯಾವ ಬೇರು?

ಕಡ್ಲಿ, ಹತ್ತಿ, ತೊಗರಿ, ಹೆಸರು ಇವಕ್ಕ ನಡುವ ಒಂದು ದಪ್ಪ ತಾಯಿಬೇರು ನೆಟ್ಟಗ ಕೆಳಗ ಇಳೀತೈತಿ, ಅದರ ಮಗ್ಗಲಿಗೆ ಸಣ್ಣವು ಒಡೀತಾವ. ಬಿಳಿಜೋಳ, ಗೋವಿನಜೋಳ, ಗೋಧಿ ಇವು ಹಂಗಲ್ಲ, ಬುಡದಿಂದ ಒಂದು ಗೊಂಚಲಾನ ಹೊರಗ ಬರ್ತೈತಿ, ಸಾಲ್ಯಾಗ ಇದಕ್ಕ ತಂತುಬೇರು ಅಂತ ಕಲಿಸಿದ್ರು. ಇಷ್ಟು ಎಲ್ಲಾರಿಗೂ ಗೊತ್ತಿದ್ದದ್ದ.

ನಾವು ಮರಿಯೂದು ಏನಂದ್ರ, ನೀರು ಗೊಬ್ಬರ ಹೀರೂ ಕೆಲಸಾ ಬಹುತೇಕ ಈ ದಪ್ಪ ಬೇರು ಮಾಡೂದಿಲ್ಲ. ದಪ್ಪ ಬೇರು ಊರಿಗೆ ಬರೂ ಮುಖ್ಯ ಪೈಪ್‌ಲೈನ್ ಇದ್ದಂಗ, ಮನಿಮನಿ ನಳ ಅಂದ್ರ ಕೊನಿಗೆ ಇರೂ ಸಣ್ಣಾತಿ ಸಣ್ಣ ಬೇರು, ಮತ್ತ ಅವುಗಳ ಮೈಮ್ಯಾಲೆ ಇರೂ ಬೇರುರೋಮ. ಒಂದು ಬೇರುರೋಮ ನಮ್ಮ ತಲಿಕೂದಲಿಗಿಂತ ಐದಾರು ಪಟ್ಟು ತೆಳ್ಳಗ, ಉದ್ದ ಅಂದ್ರ ಸಾಧಾರಣ ಒಂದು ಮಿಲಿಮೀಟರ್ ಆಸುಪಾಸು, ಆಯುಷ್ಯ ಕೆಲವು ದಿನ ಇಲ್ಲಾ ಕೆಲವು ವಾರ. ಹಳೇವು ಸಾಯ್ತಾವ, ಬೇರಿನ ತುದಿ ಮುಂದ ಹೋದಂಗ ಹೊಸಾವು ಹುಟ್ಟತಾವ.

ಇವು ಎಷ್ಟು ಇರಬಹುದು ಅಂತ 1937ರಾಗ ಅಮೆರಿಕಾದ ಅಯೋವಾದಾಗ ಹೋವರ್ಡ್ ಡಿಟ್ಮರ್ ಅನ್ನೂ ವಿಜ್ಞಾನಿ ಲೆಕ್ಕಾ ಹಾಕಿದ. ರೈ ಅಂತ ಗೋಧಿ ಜಾತಿಗೆ ಹತ್ತಿರದ ಒಂದು ಬೆಳಿ, ಒಂದ ಒಂದು ಗಿಡ, ಒಂದು ಅಡಿ ಉದ್ದ ಒಂದು ಅಡಿ ಅಗಲ, ಹೆಚ್ಚುಕಡಿಮಿ ಎರಡು ಅಡಿ ಆಳದ ಪೆಟಿಗ್ಯಾಗ ನಾಲ್ಕು ತಿಂಗಳು ಬೆಳಸಿ ಆಮ್ಯಾಲೆ ಮಣ್ಣು ತೊಳದು ತೆಗದ. ಎಲ್ಲಾ ಒಂದೊಂದಾಗಿ ಅಳದಿದ್ದಲ್ಲ ಮತ್ತ, ಮಾದರಿ ತುಣುಕು ತಗೊಂಡು ಅಳದು ಗುಣಿಸಿದ್ದು. ಬಂದ ಲೆಕ್ಕಾ: ಬೇರಿನ ಒಟ್ಟು ಉದ್ದ ಸುಮಾರು 622 ಕಿಲೋಮೀಟರ್! ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ತಿರುಗಿ ಅರ್ಧ ದಾರಿ ಬಂದಷ್ಟು. ಬೇರುರೋಮ ಸುಮಾರು 1,400 ಕೋಟಿ, ಅವನ್ನ ಒಂದಕ್ಕೊಂದು ಜೋಡಿಸಿದ್ರ 10,000 ಕಿಲೋಮೀಟರ್ ದಾಟ್ತಾವ. ಒಂದು ಬುಟ್ಟಿ ಮಣ್ಣಿನ್ಯಾಗ.

ಈಗ ವಿಡಿಯೋದಾಗಿನ ನಾಲ್ಕು ಬೇರು, ನಲವತ್ತು ಬೇರು ಅನ್ನೂ ಲೆಕ್ಕಾನ ಈ ಪಕ್ಕದಾಗ ಇಟ್ಟು ನೋಡ್ರಿ.

ಜಗ್ಗಿ ಕಿತ್ತರ ಏನಾಕ್ಕೈತಿ

ನಮ್ಮ ಕಡೆ ಎರಿ ಹೊಲ, ಅಂದ್ರ ಕರೀ ಮಣ್ಣಿಂದು, ಮಸಾರಿ ಹೊಲ, ಅಂದ್ರ ಕೆಂಪು ಮಣ್ಣಿಂದು, ಎರಡೂ ಅದಾವ. ಮಸಾರ್ಯಾಗ ಮಳಿ ಆದ ಮರುದಿನ ಶೇಂಗಾ ಗಿಡಾ ಕಿತ್ತು ನೋಡ್ರಿ, ಬೇರು ಕಾಯಿ ಸಮೇತ ಸರಳ ಬರ್ತೈತಿ. ಅದ ಗಿಡಾನ ಹದಿನೈದು ದಿನ ಬಿಸಲು ಬಿದ್ದ ಮ್ಯಾಲೆ ಕಿತ್ತರ ಅರ್ಧ ಕಾಯಿ ನೆಲದಾಗ, ಕೈಗೆ ಬರೇ ಹೊಟ್ಟು. ಎರ್ಯಾಗಂತೂ ಕೇಳಬ್ಯಾಡ್ರಿ. ಆ ಕರೀ ಮಣ್ಣಿನ್ಯಾಗ ಇರೂ ಜೇಡಿ ನೀರು ಕುಡದಾಗ ಉಬ್ಬತೈತಿ, ಒಣಗಿದಾಗ ಕುಗ್ಗಿ ಕಲ್ಲಾಕ್ಕೈತಿ, ಬ್ಯಾಸಗ್ಯಾಗ ಎಮ್ಮಿ ಕಾಲು ಸಿಗೂವಷ್ಟು ಬಿರುಕು ಬಿಡ್ತೈತಿ. ಹಂಗ ಬಿರುಕು ಬಿಡೂ ಮುಂದ ಸಣ್ಣ ಬೇರು ಹರದ ಹೋಗ್ತಾವ, ಉಳದವು ಹೆಂಟಿಗೆ ಅಂಟಿಕೊಂಡು ಕುಂದರ್ತಾವ. ಜಗ್ಗಿದ್ರ ಬುಡದಾಗಿನ ದಪ್ಪನ್ನಾವು ನಾಲ್ಕು ಬರ್ತಾವ, ಉಳದದ್ದು ಬರೂದಿಲ್ಲ.

ಅಂದ್ರ ಒಂದ ಹೊಲದಾಗ ಒಂದ ಜಾತಿ ಎರಡು ಗಿಡ, ಒಂದನ್ನ ಹಸಿ ಜಾಗಾದಿಂದ ಇನ್ನೊಂದನ್ನ ಒಣ ಜಾಗಾದಿಂದ ಕಿತ್ತರ ಸಾಕು, ಯಾವ ಔಷಧಿನೂ ಇಲ್ಲದನ ಅಂಥಾ ವಿಡಿಯೋ ಮಾಡಬಹುದು. ಆ ವಿಡಿಯೋದಾಂವ ಹಂಗ ಮಾಡ್ಯಾನ ಅಂತ ನಾ ಹೇಳಾಕತ್ತಿಲ್ಲ. ಬೇರು ಅಳಿಯೂ ವಿಜ್ಞಾನಿಗಳು ಯಾಕ ಗಿಡಾ ಜಗ್ಗೂದಿಲ್ಲ ಅನ್ನೂದಕ್ಕ ಕಾರಣ ಹೇಳಾಕತ್ತೇನಿ.

ತಗ್ಗು ತೋಡಿ ನೋಡೂದು

ಎಲ್ಲಾಕ್ಕಿಂತ ಹಳೇ ವಿಧಾನ, ಇವತ್ತಿಗೂ ನಂಬಿಗಸ್ತ ವಿಧಾನ ಅಂದ್ರ ಗಿಡದ ಮಗ್ಗಲಾಗ ಆಳದ ಕಂದಕ ತೋಡಿ, ಅದರಾಗ ಇಳದು, ಗ್ವಾಡಿಯಂಗ ನಿಂತ ಮಣ್ಣನ್ನ ಚೂಪು ಸಲಕರಣಿಲೆ ಸಾವಕಾಶ ಕೆರಕೋತ ಹೋಗಿ ಒಂದೊಂದ ಬೇರು ಬಿಡಿಸೂದು. ಕಳದ ಶತಮಾನದ ಮೊದಲ ದಶಕಗಳಾಗ ಅಮೆರಿಕಾದ ನೆಬ್ರಾಸ್ಕಾದಾಗ ಜಾನ್ ವೀವರ್ ಅನ್ನೂ ವಿಜ್ಞಾನಿ ಹಿಂಗ ಹುಲ್ಲುಗಾವಲಿನ ಹುಲ್ಲಿಂದ ಹಿಡದು ಗೋವಿನಜೋಳ, ಗೋಧಿ ತನಕಾ ಬೇರು ಬಿಡಿಸಿ, ಚೌಕಳಿ ಹಾಳಿ ಮ್ಯಾಲೆ ಅಳತಿ ಪ್ರಕಾರ ಚಿತ್ರ ಬಿಡಿಸಿಟ್ಟ. ಮ್ಯಾಲೆ ಮೊಳಕಾಲೆತ್ತರ ಹುಲ್ಲು, ಕೆಳಗ ಆಳಿನುದ್ದಕ್ಕಿಂತ ಜಾಸ್ತಿ ಬೇರು, ಅಂಥಾ ಚಿತ್ರ ನೋಡಿದ ಮ್ಯಾಲೆ ಜನಕ್ಕ ನೆಲದ ಕೆಳಗ ಇನ್ನೊಂದು ಅಡವಿ ಐತಿ ಅಂತ ತಿಳೀತು. ಆಸ್ಟ್ರಿಯಾದಾಗ ಲೋರೆ ಕುಚೆರಾ ಅನ್ನೂವಾಕಿ ತಮ್ಮ ಜೊತಿಗಾರರ ಕೂಡ ಸೇರಿ ದಶಕಗಟ್ಟಲೆ ಇದ ಕೆಲಸಾ ಮಾಡಿದ್ರು. ಈಗ ಇಂಟರ್ನೆಟ್ಟಿನ್ಯಾಗ ಅಡ್ಡಾಡೂ ಆ ಚಂದನ್ನ ಬೇರಿನ ರೇಖಾಚಿತ್ರ ಭಾಳಷ್ಟು ಅವರವ. ನಾ ಮೊದಲನೇ ಸಲ ಅವನ್ನ ನೋಡಿದಾಗ ಕಂಪ್ಯೂಟರಿನ್ಯಾಗ ಮಾಡಿದ್ದು ಅಂದ್ಕೊಂಡಿದ್ದೆ!

ಇದರಾಗ ಇನ್ನೊಂದು ಸರಳ ನಮೂನಿ ಐತಿ. ಬೇರು ಪೂರ್ತಿ ಬಿಡಿಸೂದ ಬ್ಯಾಡ, ಕಂದಕದ ಗ್ವಾಡಿ ಸಮಾ ಮಾಡಿ, ಅದರ ಮ್ಯಾಲೆ ಐದೈದು ಸೆಂಟಿಮೀಟರ್ ಚೌಕದ ಜಾಳಗಿ ಇಟ್ಟು, ಪ್ರತಿ ಚೌಕದಾಗ ಎಷ್ಟು ಬೇರಿನ ತುದಿ ಕಾಣ್ತಾವ ಎಣಿಸಿ ಬರಕೊಳ್ಳೂದು. ಯಾವ ಆಳದಾಗ ಎಷ್ಟು ಬೇರು ಅನ್ನೂ ನಕ್ಷೆ ತಯಾರು. ಎರಿ ಹೊಲದಾಗ ಇದನ್ನ ಮಾಡಿದ್ರ ಒಂದು ವಿಶೇಷ ಕಾಣ್ತೈತಿ, ಬೇರು ಎಲ್ಲಾ ಕಡೆ ಸಮಾ ಹಂಚಿರೂದಿಲ್ಲ, ಹಳೇ ಬಿರುಕಿನ ದಾರಿ ಹಿಡದು ಹೆಂಟಿ ಮೈಗೆ ಅಪ್ಪಚ್ಚಿಯಾಗಿ ಅಂಟಿಕೊಂಡು ಇಳದಿರ್ತಾವ. ಬೇರಿಗೂ ಸಲೀಸು ದಾರಿನ ಬೇಕು.

ತೊಂದ್ರಿ ಏನು? ಒಂದು ಕಂದಕಕ್ಕ ಇಬ್ಬರು ಆಳು, ದಿನಗಟ್ಟಲೆ ಕೆಲಸ. ಹೊಲ ಹಾಳು. ಒಂದು ಸಲ ಅಗದಿ ಅಂದ್ರ ಮುಗೀತು, ಅದ ಗಿಡ ಮುಂದಿನ ವಾರ ಹೆಂಗ ಬೆಳೀತು ನೋಡಾಕ ಆಗೂದಿಲ್ಲ. ಮತ್ತ ಎಷ್ಟು ಆಳ ಅಂತ ಅಗೀತೀರಿ? ಆಫ್ರಿಕಾದ ಕಲಹರಿ ಮರಭೂಮಿಯೊಳಗ ನೀರಿಗಂತ ಬಾವಿ ಕೊರಿಯೂ ಮುಂದ 68 ಮೀಟರ್ ಆಳದಾಗ ಒಂದು ಮರದ ಬೇರು ಸಿಕ್ಕೈತಿ, ಅಂದ್ರ 220 ಅಡಿ ಮ್ಯಾಲೆ. ನಮ್ಮಲ್ಲೆ ಎಷ್ಟೋ ಬೋರಿಗೆ ಅಷ್ಟಕ್ಕ ನೀರು ಬಿದ್ರ ಕಾಯಿ ಒಡಸ್ತಾರ.

ಪೈಪು ಬಡದು, ಮಣ್ಣು ತೊಳದು, ಶಾವಿಗಿ ಎಣಸೂದು

ಪೂರ್ತಿ ಅಗಿಯೂ ಬದಲಿ ಕಬ್ಬಿಣದ ಪೈಪು ನೆಲಕ್ಕ ಬಡದು ಮಣ್ಣಿನ ಉದ್ದನ್ನ ಕಂಬ ತೆಗಿಯೂದು ಇನ್ನೊಂದು ವಿಧಾನ. ಅಕ್ಕಿ ಚೀಲಕ್ಕ ಅಂಗಡಿಯಾಂವ ಚೂಪು ಕೊಳವಿ ಚುಚ್ಚಿ ನಾಲ್ಕು ಕಾಳು ತೆಗದು ನೋಡ್ತಾನಲ್ಲ, ಥೇಟ್ ಹಂಗ. ಆ ಕಂಬಾನ ಅರ್ಧ ಅರ್ಧ ಅಡಿಗೆ ಕತ್ತರಿಸಿ, ನೀರಿನ್ಯಾಗ ನೆನಸಿ, ಸಣ್ಣ ತೂತಿನ ಸಾಣಗಿ ಮ್ಯಾಲೆ ತೊಳದ್ರ ಬೇರು ಉಳೀತಾವ. ಮಸಾರಿ ಮಣ್ಣು ಬೇಗ ತೊಳೀತೈತಿ. ಎರಿ ಮಣ್ಣು ಹಟಮಾರಿ, ಅದಕ್ಕ ಲ್ಯಾಬಿನ್ಯಾಗ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಅನ್ನೂ ಉಪ್ಪು ಕರಗಿಸಿದ ನೀರಿನ್ಯಾಗ ರಾತ್ರಿಯೆಲ್ಲಾ ನೆನಿಸಿಡ್ತಾರ, ಅದು ಜೇಡಿ ಕಣ ಒಂದಕ್ಕೊಂದು ಅಂಟಿಕೊಳ್ಳದಂಗ ಬಿಡಿಸ್ತೈತಿ. ಆಮ್ಯಾಲೆ ಬರೂದು ಇನ್ನೂ ತಲಿನೋವಿನ ಕೆಲಸ: ಹಳೇ ಬೆಳಿ ಸತ್ತ ಬೇರು, ಕಸದ ಬೇರು, ಹೊಟ್ಟು ಎಲ್ಲಾ ಚಿಮಟಿಲೆ ಆರಿಸಿ ತೆಗಿಬೇಕು.

ಬೇರು ಸಿಕ್ತು, ಈಗ ಅಳಿಯೂದು ಏನನ್ನ? ಇಲ್ಲೆ ಭಾಳ ಮಂದಿ ಎಡವತಾರ. ಸರಳ ಅಂದ್ರ ಒಣಗಿಸಿ ತೂಕಾ ಮಾಡೂದು. ಆದ್ರ ತೂಕದಾಗ ದಪ್ಪ ಬೇರಿನದ ದರ್ಬಾರು. ಎತ್ತು ಕಟ್ಟೂ ಹಗ್ಗ ಒಂದು ಮಾರು, ಹೊಲಿಯೂ ದಾರ ಒಂದು ಉಂಡಿ, ತೂಕದಾಗ ಹಗ್ಗ ಗೆಲ್ತೈತಿ, ಉದ್ದದಾಗ ದಾರ ಎಷ್ಟೋ ಪಟ್ಟು ಮುಂದ. ನೀರು ಹೀರೂದು ದಾರದಂಥಾ ಬೇರಲ್ಲ? ಹಂಗಾಗಿ ಒಂದು ಘನ ಸೆಂಟಿಮೀಟರ್ ಮಣ್ಣಿನ್ಯಾಗ ಎಷ್ಟು ಸೆಂಟಿಮೀಟರ್ ಬೇರು ಐತಿ ಅನ್ನೂ ಲೆಕ್ಕಾ ತಗೋತಾರ, ಇದಕ್ಕ ಬೇರಿನ ಉದ್ದದ ಸಾಂದ್ರತೆ ಅಂತಾರ. ಬೇರಿನ ಮ್ಯಾಲೆ ಯಾರಾದ್ರೂ ಗ್ರಾಂ ಲೆಕ್ಕದಾಗಷ್ಟ ಮಾತಾಡಿದ್ರ ಅರ್ಧ ಸುದ್ದಿ ಬಿಟ್ಟಾರ ಅಂತ ತಿಳಕೋರಿ.

ಉದ್ದ ಅಳಿಯೂದಕ್ಕ ಒಂದು ಮಜಾ ಉಪಾಯ ಐತಿ. ತಾಟಿನ್ಯಾಗ ಶಾವಿಗಿ ಚೆಲ್ಲೈತಿ ಅಂತ ತಿಳಕೋರಿ, ಒಟ್ಟು ಉದ್ದ ಎಷ್ಟು? ಒಂದೊಂದಾಗಿ ಎತ್ತಿ ಪಟ್ಟಿ ಹಿಡದು ಅಳದ್ರ ಸಂಜಿ ಆಕ್ಕೈತಿ. ಬದಲಿಗೆ ತಾಟಿನ ಕೆಳಗ ಒಂದು ಸೆಂಟಿಮೀಟರ್ ಚೌಕಳಿ ಹಾಳಿ ಇಟ್ಟು, ಶಾವಿಗಿ ಅಡ್ಡಗೆರಿ ಉದ್ದಗೆರಿಗಳನ್ನ ಎಷ್ಟು ಕಡೆ ದಾಟ್ತಾವ ಅಷ್ಟ ಎಣಿಸ್ರಿ, ಆ ಸಂಖ್ಯೆನ 11ರಿಂದ ಗುಣಿಸಿ 14ರಿಂದ ಭಾಗಿಸ್ರಿ, ಬಂತು ಉದ್ದ ಸೆಂಟಿಮೀಟರಿನ್ಯಾಗ. 140 ಕಡೆ ದಾಟಿದ್ರ ಸುಮಾರು 110 ಸೆಂಟಿಮೀಟರ್. ಯಾಕ ಹಿಂಗ? ಉದ್ದ ಜಾಸ್ತಿ ಇದ್ದಷ್ಟೂ ಗೆರಿಗೆ ಬಡಿಯೂ ಸಲ ಜಾಸ್ತಿ, ಅದು ಯಾವ ಕಡೆ ಹೊಳ್ಳಿದ್ರೂ ಸರಾಸರಿ ಒಂದ ಬರ್ತೈತಿ, ಮತ್ತ ಆ 11/14 ಅನ್ನೂದು ನಾವು ಸಾಲ್ಯಾಗ 22/7 ಅಂತ ಕಲ್ತ ಪೈ ಇದರ ನಾಕರಾಗ ಒಂದು ಪಾಲು. 1966ರಾಗ ನ್ಯೂಮನ್ ಅನ್ನೂ ವಿಜ್ಞಾನಿ ಈ ತತ್ವಾನ ಬೇರಿಗೆ ತಂದ, 1975ರಾಗ ಟೆನಂಟ್ ಅನ್ನೂವಾಂವ ಚೌಕಳಿ ಹಾಳಿಗೆ ಸರಳ ಮಾಡಿದ. ಈಗ ಬೇರನ್ನ ನೀರಿನ ತಾಟಿನ್ಯಾಗ ಹರವಿ ಸ್ಕ್ಯಾನರ್ ಮ್ಯಾಲೆ ಇಟ್ರ ಸಾಫ್ಟ್‌ವೇರ್ ಉದ್ದ, ದಪ್ಪ, ಕವಲು ಎಲ್ಲಾ ಹೇಳ್ತೈತಿ, ಆದ್ರ ಆ ತೊಳಿಯೂ ಕೆಲಸಾ ಇವತ್ತಿಗೂ ಮನಿಷಾನ ಮಾಡಬೇಕು.

ಸಲಿಕಿ ಒಂದಿದ್ರ ಸಾಕು

ನಮಗ ಹತ್ತಿರದ ವಿಧಾನ ಇದು. ಅಮೆರಿಕಾದ ಪೆನ್ ಸ್ಟೇಟ್ ಯೂನಿವರ್ಸಿಟ್ಯಾಗ ಜೋನಾಥನ್ ಲಿಂಚ್ ಅನ್ನೂ ಬೇರು ವಿಜ್ಞಾನಿಯ ತಂಡ ಗೋವಿನಜೋಳಕ್ಕಂತ 2011ರಾಗ ಒಂದು ಪದ್ಧತಿ ಪ್ರಕಟ ಮಾಡ್ತು, ಹೆಸರಿನ್ಯಾಗನ ಸಲಿಕಿ ಐತಿ, ಶವೆಲೋಮಿಕ್ಸ್ ಅಂತಾರ. ಹೂ ಬಿಡೂ ಹೊತ್ತಿಗೆ ಗಿಡದ ಸುತ್ತ ಒಂದು ಗೇಣು ಬಿಟ್ಟು ಸಲಿಕಿ ಇಳಿಸಿ, ಹತ್ತು ಇಂಚಿನಷ್ಟು ಆಳದ ಗಡ್ಡಿ ಸಮೇತ ಎತ್ತೂದು, ಸ್ವಲ್ಪ ಸೋಪು ಹಾಕಿದ ನೀರಿನ್ಯಾಗ ನೆನಸೂದು, ಪೈಪಿನ ನೀರಿಲೆ ತೊಳಿಯೂದು. ಆಮ್ಯಾಲೆ ಕೋನ ಬರದ ಹಲಗಿ ಮುಂದ ಹಿಡದು ಬೇರು ಎಷ್ಟು ಅದಾವ, ಯಾವ ಕೋನದಾಗ ಇಳದಾವ, ಕವಲು ದಟ್ಟ ಐತ್ಯೋ ವಿರಳ ಐತ್ಯೋ ನೋಡಿ ಬರಕೊಳ್ಳೂದು. ಒಂದು ಗಿಡಕ್ಕ ಕೆಲವು ನಿಮಿಷ. ನೂರಾರು ತಳಿ ಹೋಲಿಸಬಹುದು.

ಕೋನ ಯಾಕ ಮುಖ್ಯ? ರಂಜಕ, ಅಂದ್ರ ಫಾಸ್ಫರಸ್, ಮ್ಯಾಲಿನ ಮಣ್ಣಿನ್ಯಾಗ ಇರ್ತೈತಿ, ಜಾಗಾ ಬಿಟ್ಟು ಭಾಳ ಅಳ್ಳಾಡೂದಿಲ್ಲ, ಅಗಲಕ್ಕ ಹರವಿದ ಬೇರಿಗೆ ಅದು ಸಿಗ್ತೈತಿ. ನೀರು ಮತ್ತ ಯೂರಿಯಾದಿಂದ ಆಗೂ ನೈಟ್ರೇಟ್ ಕೆಳಗ ಇಳಕೋತ ಹೋಗ್ತಾವ, ಅವನ್ನ ಬೆನ್ನಟ್ಟೂದು ಕಡಿದಾಗಿ ಇಳಿಯೂ ಬೇರು. ಗಿಡಕ್ಕ ಎರಡೂ ಕಡೆ ರೊಕ್ಕಾ ಹಾಕಾಕ ಆಗೂದಿಲ್ಲ, ಬೇರು ಬೆಳಸಾಕೂ ಗಿಡ ತನ್ನ ಸಕ್ಕರಿ ಖರ್ಚು ಮಾಡಬೇಕಲ್ಲ.

ಇದಕ್ಕ ಒಂದು ಚಂದನ್ನ ಉದಾಹರಣಿ ಭತ್ತದ್ದು. ಜಪಾನಿನ ಯುಸಾಕು ಉಗಾ ಮತ್ತ ಜೊತಿಗಾರರು ಭತ್ತದ ಸಸಿನ ಚಹಾ ಸೋಸೂ ಜಾಳಗಿಯಂಥಾ ಸಣ್ಣ ತಂತಿ ಬುಟ್ಟ್ಯಾಗ ಬೆಳಸಿದ್ರು. ಬೇರು ಬುಟ್ಟಿ ಮಗ್ಗಲಿಂದ ಹೊರಗ ಬಂದ್ರ ಮ್ಯಾಲ ಮ್ಯಾಲ ಹರಿಯೂ ಜಾತಿ, ತಳದಿಂದ ಬಂದ್ರ ಆಳಕ್ಕ ಇಳಿಯೂ ಜಾತಿ, ಎಣಿಸಿದ್ರ ಮುಗೀತು. ಇಷ್ಟ ಸರಳ ಬುಟ್ಟಿಯಿಂದ ಶುರುವಾದ ಕೆಲಸಾ ಡಿಆರ್‌ಓ1 ಅನ್ನೂ ಜೀನ್ ಹುಡುಕೂತನಕ ಹೋತು. ಐಆರ್64 ಅನ್ನೂ ಹೆಸರುವಾಸಿ ತಳಿ ಬೇರು ಮ್ಯಾಲ ಮ್ಯಾಲ, ಅದಕ್ಕ ಈ ಜೀನಿನ ಆಳಕ್ಕ ಇಳಸೂ ರೂಪ ಸೇರಿಸಿದಾಗ ಬರದಾಗ ಇಳುವರಿ ಛಲೋ ಬಂತು ಅಂತ 2013ರಾಗ ತೋರಿಸಿದ್ರು. ನಂಗ ಈ ವಿಷಯದಾಗ ಭಾಳ ಸೇರಿದ್ದು ಇದ, ಕೋಟಿಗಟ್ಟಲೆ ಮಷೀನಲ್ಲ, ಒಂದು ಸಾಣಗಿ.

ಬೋರಿನ ಕ್ಯಾಮೆರಾ ಹಂಗ

ಇಲ್ಲಿತನಕ ಹೇಳಿದ್ದೆಲ್ಲಾ ಗಿಡಾನ ಬಲಿ ಕೊಟ್ಟು ನೋಡೂ ವಿಧಾನ. ಗಿಡ ಜೀವಂತ ಇರೂ ಮುಂದನ ನೋಡಬೇಕಂದ್ರ?

ಬೋರಿನ್ಯಾಗ ಮೋಟರ್ ಸಿಕ್ಕೊಂಡ್ರ ಕ್ಯಾಮೆರಾದಾಂವನ್ನ ಕರಸ್ತೀವಿ, ಅವಾ ಕೇಬಲ್ಲಿಗೆ ಕ್ಯಾಮೆರಾ ಕಟ್ಟಿ ಇಳಿಸಿ ಟೀವಿಯೊಳಗ ತೋರಿಸ್ತಾನ. ಬೇರಿಗೂ ಹಿಂಗ. ಬಿತ್ತೂ ಹೊತ್ತಿನ್ಯಾಗನ ಹೊಲದಾಗ ಪಾರದರ್ಶಕ ಕೊಳವಿ ಓರೆಯಾಗಿ ಹುಗದಿಡ್ತಾರ, ಬೆಳಕು ಒಳಗ ಹೋಗದಂಗ ಮ್ಯಾಲಿನ ಬಾಯಿ ಮುಚ್ಚಿರ್ತಾರ, ವಾರಕ್ಕೊಮ್ಮೆ ಅದರಾಗ ಸಣ್ಣ ಕ್ಯಾಮೆರಾ ಇಳಿಸಿ ಕೊಳವಿ ಮೈಗೆ ಹತ್ತಿ ಬೆಳದ ಬೇರಿನ ಫೋಟೋ ತಗೀತಾರ. ಇದಕ್ಕ ಮಿನಿರೈಜೋಟ್ರಾನ್ ಅಂತ ಉದ್ದನ್ನ ಹೆಸರು. 1937ರಾಗನ ಬೇಟ್ಸ್ ಅನ್ನೂವಾಂವ ಗಾಜಿನ ಕೊಳವಿ ಹುಗದು ಹಿಂಗ ನೋಡಿದ್ದ. ಒಂದು ಬೇರು ಯಾವತ್ತು ಹುಟ್ಟಿತು, ಯಾವತ್ತು ಕಪ್ಪಾಗಿ ಸತ್ತಿತು ಅಂತ ಜನನ ಮರಣದ ದಾಖಲೆ ಹಂಗ ಬರದಿಡಬಹುದು, ಇದು ಬ್ಯಾರೆ ಯಾವ ವಿಧಾನದಾಗೂ ಇಷ್ಟು ಸಲೀಸಲ್ಲ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಅನ್ನೂ ಹಣ್ಣಿನ ಸಂಶೋಧನಾ ಕೇಂದ್ರದಾಗ 1960ರ ದಶಕದಾಗ ನೆಲದ ಕೆಳಗ ನಡದಾಡೂ ಓಣಿ ಕಟ್ಟಿ, ಎರಡೂ ಕಡೆ ಗಾಜಿನ ಕಿಡಕಿ ಇಟ್ಟು ಗಿಡದ ಬೇರು ನೋಡತಿದ್ರು.

ಎರಿ ಹೊಲದಾಗ ಮಾತ್ರ ಇದಕ್ಕ ಒಂದು ಕಾಟ. ಮಣ್ಣು ಒಣಗಿ ಕುಗ್ಗಿದಾಗ ಕೊಳವಿ ಮತ್ತ ಮಣ್ಣಿನ ನಡುವ ಸಂದು ಬೀಳ್ತೈತಿ. ಬೇರು ಆ ಸಂದಿನ್ಯಾಗ ಇಳದು ಬಿಟ್ರ, ಹೊಲದಾಗ ಇರದಷ್ಟು ಬೇರು ಕ್ಯಾಮೆರಾದಾಗ ಕಾಣ್ತೈತಿ. ನೋಡಾಕ ಮಾಡಿದ ಕಿಡಕಿನ ನೋಟ ಕೆಡಸ್ತೈತಿ ಅನ್ರಿ.

ದವಾಖಾನಿ ಮಷೀನು, ನೆಲದ ರಾಡಾರು

ತಲಿಗೆ ಪೆಟ್ಟು ಬಿದ್ರ ಸಿಟಿ ಸ್ಕ್ಯಾನ್ ಮಾಡಸ್ತಾರಲ್ಲ, ಅಂಥಾ ಮಷೀನಿನ್ಯಾಗ ಗಿಡ ಬೆಳದ ಕುಂಡಲಿನೂ ಇಡ್ತಾರ. ಎಕ್ಸರೇ ಸುತ್ತಲಿಂದ ಹಾಯಿಸಿ, ಕಲ್ಲು ಮಣ್ಣು ಜಾಸ್ತಿ ತಡೀತಾವ, ಬೇರು ನೀರು ಕಡಿಮಿ ತಡೀತಾವ, ಗಾಳಿ ತಡಿಯೂದ ಇಲ್ಲ, ಈ ಫರಕಿನಿಂದ ಕಂಪ್ಯೂಟರ್ ಒಳಗಿನ ಮೂರು ಆಯಾಮದ ಚಿತ್ರ ಕಟ್ಟತೈತಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಯೂನಿವರ್ಸಿಟ್ಯಾಗ ಬೇರಿಗಂತನ ಇಂಥಾ ಕೇಂದ್ರ ಐತಿ, ಸಿಟಿ ಸ್ಕ್ಯಾನ್ ಕಂಡುಹಿಡದ ಹೌನ್ಸ್‌ಫೀಲ್ಡ್ ಅವರ ಹೆಸರನ್ನ ಇಟ್ಟಾರ. ತೊಂದ್ರಿ ಅಂದ್ರ ಒದ್ದಿ ಜೇಡಿ ಮಣ್ಣು ಮತ್ತ ಬೇರು ಚಿತ್ರದಾಗ ಹೆಚ್ಚುಕಡಿಮಿ ಒಂದ ಬಣ್ಣ ಕಾಣ್ತಾವ, ಮತ್ತ ಕುಂಡಲಿ ದೊಡ್ಡದಾದಂಗ ಸಣ್ಣ ಬೇರು ಕಾಣೂದ ಬಂದಾಕ್ಕೈತಿ.

ಎಂಆರ್‌ಐ ನೀರು ಹುಡುಕೂ ಮಷೀನು, ಬೇರಿನ್ಯಾಗ ನೀರು ಇರೂದ್ರಿಂದ ಚಂದ ಕಾಣಬೇಕು. ಆದ್ರ ಅದು ಅಯಸ್ಕಾಂತದ ಆಟ, ಮಣ್ಣಿನ್ಯಾಗ ಕಬ್ಬಿಣ ಇದ್ರ ಚಿತ್ರ ಕೆಡ್ತೈತಿ. ನಮ್ಮ ಮಸಾರಿ ಕೆಂಪಗ ಇರೂದ ಕಬ್ಬಿಣದ ಜಂಗಿನಿಂದ! ಹಂಗಾಗಿ ಇಂಥಾ ಚಂದನ್ನ ಚಿತ್ರ ಬಹುಮಟ್ಟಿಗೆ ಆರಿಸಿ ತಂದ ಮಣ್ಣಿನ್ಯಾಗ ಬೆಳದ ಗಿಡದ್ದು ಅಂತ ನೆನಪಿಟ್ಟು ನೋಡ್ರಿ.

ದೊಡ್ಡ ಮರ ಇದ್ರ? ಸವಣೂರಿನ ದೊಡ್ಡ ಹುಣಸಿಮರ ನೋಡಿರಬೇಕಲ್ಲ, ಆಫ್ರಿಕಾ ಮೂಲದ ಬಾವಬಾಬ್ ಜಾತಿ, ಮೂರು ಮರ, ಬುಡ ಒಂದು ಮನಿಯಷ್ಟು. ಅದರ ಬೇರು ಎಲ್ಲಿತನಕ ಹೋಗೇತಿ ನೋಡತೀನಿ ಅಂತ ಹಾರಿ ತಗೊಂಡು ಹೋದ್ರ ಊರ ಮಂದಿ ಸುಮ್ಮನ ಬಿಡ್ತಾರ? ಅಂಥಾ ಕಡೆ ನೆಲದ ಮ್ಯಾಲೆ ಸಣ್ಣ ಗಾಡಿ ಎಳಕೋತ ರೇಡಿಯೋ ಅಲೆ ಕೆಳಗ ಬಿಟ್ಟು, ತಿರುಗಿ ಬಂದ ಅಲೆಯಿಂದ ಬೇರಿನ ಜಾಗಾ ಗುರುತು ಹಿಡಿಯೂ ರಾಡಾರ್ ಇರ್ತೈತಿ. ಇದಕ್ಕ ಬೆರಳಿನಷ್ಟು ದಪ್ಪ ಬೇರು ಸಿಗ್ತಾವ, ದಾರದಂಥಾವು ಸಿಗೂದಿಲ್ಲ. ಒಣ ಉಸುಕಿನ್ಯಾಗ ಛಲೋ ಕೆಲಸಾ ಮಾಡ್ತೈತಿ, ಒದ್ದಿ ಜೇಡಿಯೊಳಗ ಅಲೆ ಸ್ವಲ್ಪ ದೂರದಾಗನ ಸತ್ತ ಹೋಗ್ತೈತಿ. ಇನ್ನೊಂದು ಉಪಾಯ, ಕಂಪ್ರೆಸರ್ ಗಾಳಿ ಜೋರಾಗಿ ಊದಿ ಮಣ್ಣು ಹಾರಿಸೂದು, ಬೇರು ಕಡಿಯೂದಿಲ್ಲ, ಆಮ್ಯಾಲೆ ಮತ್ತ ಮಣ್ಣು ಮುಚ್ಚಬಹುದು.

ಬೇರು ನೋಡೂದಲ್ಲ, ಬೇರಿನ ಕೆಲಸಾ ನೋಡೂದು

ಇಲ್ಲಿ ಕತಿ ತಿರುವು ತಗೋತೈತಿ. ಬೇರು ಐತಿ ಅಂದ ಮಾತ್ರಕ್ಕ ಅದು ದುಡಿಯಾಕತ್ತೈತಿ ಅಂತ ಏನು ಖಾತ್ರಿ? ಗದ್ದಲ ಇರೂ ಆಫೀಸಿನ್ಯಾಗ ಎಲ್ಲಾರೂ ಕೆಲಸಾ ಮಾಡ್ತಿರ್ತಾರ ಏನು.

ಒಂದು ದಾರಿ, ಗುರುತು ಹಾಕಿದ ವಸ್ತು ಕೊಟ್ಟು ನೋಡೂದು. ವಿಕಿರಣ ಸೂಸೂ ರಂಜಕ-32 ಅನ್ನೂದನ್ನ ಒಂದು ಗೊತ್ತಾದ ಆಳದಾಗ ಇಟ್ಟು, ಕೆಲವು ದಿನ ಬಿಟ್ಟು ಎಲಿಯೊಳಗ ಅದು ಬಂತೋ ಇಲ್ಲೋ ಅಳೀತಾರ. ಬಂದ್ರ ಆ ಆಳದ ಬೇರು ಜೀವಂತ ಐತಿ, ಕೆಲಸಾನೂ ಮಾಡಾಕತ್ತೈತಿ. ಅದರ ಶಕ್ತಿ 14 ದಿನಕ್ಕ ಅರ್ಧ ಆಗೂದ್ರಿಂದ ಬೇಗ ನೋಡಬೇಕು, ಪರವಾನಗಿ ಭದ್ರತೆ ಎಲ್ಲಾ ಬೇಕು. ಈಗ ವಿಕಿರಣ ಇಲ್ಲದ ಭಾರದ ನೀರು, ಅಂದ್ರ ಡ್ಯೂಟೀರಿಯಂ ಇರೂ ನೀರು, ಇದನ್ನೂ ಹಿಂಗ ಬಳಸ್ತಾರ. ಅಕ್ಕಡಿ ಬೆಳಿಯೊಳಗ ಎರಡು ಬೆಳಿ ಬೇರು ಕಲತು ಹೋಗಿರ್ತಾವಲ್ಲ, ಕಣ್ಣಿಗೆ ಯಾವುದು ಯಾರದು ತಿಳಿಯೂದಿಲ್ಲ, ಅದಕ್ಕ ಮಣ್ಣಿನ್ಯಾಗಿನ ಬೇರಿನ ಡಿಎನ್‌ಎ ಪರೀಕ್ಷಾ ಮಾಡಿ ಪಾಲು ಹಂಚೂದೂ ಬಂದೈತಿ.

ಇನ್ನೊಂದು ದಾರಿ, ತೂಕ. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ್ಯಾಗ ಇಕ್ರಿಸ್ಯಾಟ್ ಐತಿ, 1972ರಾಗ ಶುರುವಾದ ಒಣಭೂಮಿ ಬೆಳಿಗಳ ಅಂತರರಾಷ್ಟ್ರೀಯ ಸಂಸ್ಥೆ. ಅಲ್ಲೆ ಆಳಿನುದ್ದದ ಪಿವಿಸಿ ಪೈಪಿನ್ಯಾಗ ಮಣ್ಣು ತುಂಬಿ, ಸಾಲಾಗಿ ನಿಲ್ಲಿಸಿ, ಪ್ರತಿ ಪೈಪಿನ್ಯಾಗ ಕಡ್ಲಿ, ಜೋಳ, ಶೇಂಗಾ ಬೆಳಸಿ, ಆಗಾಗ ಪೈಪನ್ನ ಎತ್ತಿ ತೂಗ್ತಾರ, ಹತ್ತಿ ಅಂಡಗಿ ತೂಗಿದಂಗ. ತೂಕ ಇಳದಷ್ಟು ನೀರು ಗಿಡ ಕುಡದೈತಿ, ಮಣ್ಣಿನ ಮೈಯಿಂದ ಆರದಂಗ ಮ್ಯಾಲೆ ಮುಚ್ಚಿರ್ತಾರ. ಬೇರು ಒಂದನ್ನೂ ನೋಡದ ಬೇರಿನ ಜಮಾಖರ್ಚು ಸಿಕ್ತು.

ಈ ತೂಗೂ ಕೆಲಸದಿಂದ ಕಡ್ಲಿ ಬಗ್ಗೆ ಒಂದು ಮಾತು ಹೊರಗ ಬಂತು, ಅಣ್ಣಿಗೇರಿ, ನವಲಗುಂದ, ನರೇಗಲ್ಲ ಕಡೆ ಹಿಂಗಾರಿ ಕಡ್ಲಿ ಬಿತ್ತೂ ಮಂದಿ ಕಿವಿಗೊಡಬೇಕು. ಬರ ತಡಕೊಂಡ ತಳಿ ಅಂದ್ರ ಬೇರು ಎಲ್ಲಾಕ್ಕಿಂತ ಜಾಸ್ತಿ ಇದ್ದ ತಳಿ ಅಂತಲ್ಲ. ಮೊದಮೊದಲು ನೀರು ಇದ್ದಾಗ ಕೈಬಿಗಿ ಹಿಡದು ಕುಡದು, ಕಾಯಿ ಕಟ್ಟೂ ಮುಂದ ಕುಡಿಯಾಕ ಉಳಿಸಿಕೊಂಡ ತಳಿ ಗೆದ್ದು ಬಂತು. ಯಾಕಂದ್ರ ಹಿಂಗಾರ್ಯಾಗ ಎರಿ ಹೊಲ ಅಂದ್ರ ನೆಲದಾಗ ಕಾಳು ತುಂಬಿಸಿಟ್ಟ ಹಗೆ ಇದ್ದಂಗ, ಮ್ಯಾಲಿಂದ ಮಳಿ ಬರೂದಿಲ್ಲ, ಇದ್ದದ್ದರಾಗ ಫೆಬ್ರುವರಿ ತನಕಾ ಸಂಸಾರ ಮಾಡಬೇಕು. ಬೇರು ಗಿಜಿಗಿಜಿ ಇದ್ದಾಂವ ಡಿಸೆಂಬರಿನ್ಯಾಗನ ಹಗೆ ಖಾಲಿ ಮಾಡಿದ್ರ ಕಾಳು ತುಂಬೂದು ಯಾವುದರಾಗ?

ನೋಡ್ರಿ, ಹಿಂಗಾಗಿ ವಿಡಿಯೋದಾಗಿನ ಕಸಬರಗಿ ಬೇರು ಖರೇ ಇದ್ರೂ, ಅದರಿಂದ ಇಳುವರಿ ಜಾಸ್ತಿ ಬರ್ತೈತಿ ಅನ್ನೂದು ಇನ್ನೊಂದು ಮೆಟ್ಟಲಾ ಹಾರಿದಂಗ.

ಮನ್ಯಾಗ ಮಾಡಿ ನೋಡೂದಾದ್ರ

ಕಾಕಾಗ ನಾ ಹೇಳಿದ್ದು ಇಷ್ಟು. ಅಂಗಡಿಯಾಂವ ಕಿತ್ತಿದ್ದು ಬ್ಯಾಡ, ನೀನ ಅಗಿ. ಔಷಧಿ ಹಾಕಿದ ಸಾಲು, ಹಾಕದ ಸಾಲು ಮಗ್ಗಲ ಮಗ್ಗಲ ಇರಬೇಕು, ಒಂದ ದಿನ ಬಿತ್ತಿರಬೇಕು, ಮಣ್ಣಿನ ಹಸಿ ಒಂದ ಇರಬೇಕು. ಛಲೋ ಕಂಡ ಗಿಡ ಆರಸಬ್ಯಾಡ, ಹತ್ತು ಹೆಜ್ಜಿಗೆ ಒಂದು ಅಂತ ಕಣ್ಣು ಮುಚ್ಚಿ ಆರಿಸು, ಎರಡೂ ಕಡೆ ಐದೈದರ ಗಿಡ ಬೇಕು, ಒಂದೊಂದರಿಂದ ಏನೂ ತಿಳಿಯೂದಿಲ್ಲ, ಅಣ್ಣತಮ್ಮಂದಿರ ಎತ್ತರನ ಒಂದ ಇರೂದಿಲ್ಲ. ಸುತ್ತ ಒಂದು ಗೇಣು ಬಿಟ್ಟು ಸಲಿಕಿ ಹಾಕು, ಎಲ್ಲಾದಕ್ಕೂ ಅಷ್ಟ ಆಳ. ರಾತ್ರಿಯೆಲ್ಲಾ ನೆನಸು, ಸಾವಕಾಶ ತೊಳಿ, ತೊಳದ ನೀರು ಚೆಲ್ಲಬ್ಯಾಡ, ಸಾಣಗಿ ಮ್ಯಾಲೆ ಹಾಯ್ಸು. ಬೇಕಂದ್ರ ಮೊಮ್ಮಗಳ ಚೌಕಳಿ ನೋಟಬುಕ್ಕಿನ ಹಾಳಿ ಇಟ್ಟು ದಾಟೂ ಜಾಗಾ ಎಣಿಸು. ಕೊನಿಗೆ ರಾಶಿ ಮಾಡೂ ಮುಂದ ಎರಡೂ ಸಾಲಿನ ಕಾಳು ಬ್ಯಾರೆ ಬ್ಯಾರೆ ತೂಗು.

ಅಂಗಡಿಯಾಂವನ ಕೊನಿ ಸ್ಟಾಕು ಹದಿನೈದು ದಿನ ಆದ್ರೂ ಮುಗದಿದ್ದಿಲ್ಲ. ಕಾಕಾ ಔಷಧಿ ಒಯ್ದಿದ್ದಿಲ್ಲ, ಆದ್ರೂ ಸುಮ್ಮನ ನೋಡೂಣು ಅಂತ ಒಂದು ದಂಟು ಜಗ್ಗಿ ಕಿತ್ತು, ಮಗ್ಗಲಾಗಿನ ಇನ್ನೊಂದನ್ನ ಸಲಿಕಿಲೆ ಅಗದು, ಎರಡೂ ನೆನಸಿ ತೊಳದು ಫೋಟೋ ಕಳಿಸಿದ. ಥೇಟ್ ಆ ವಿಡಿಯೋನ, ಎಡಕ್ಕ ನಾಲ್ಕು ಬೇರು ಬಲಕ್ಕ ಕಸಬರಗಿ! ಮೂರನೇ ಫೋಟೋದಾಗ ಸಾಣಗಿ ತುಂಬ ಕೂದಲಿನಂಥಾ ಬಿಳೀ ಬೇರು, ಕೆಳಗ ಅವನ ವಾಯ್ಸ್ ಮೆಸೇಜು, ಹಿಂದ ಚಿಗವ್ವ ಒದರೂದು ಕೇಳಸ್ತಿತ್ತು, ರವಾ ಸಾಣಸೂ ಸಾಣಗಿ ಕೆಡಸಿ ಕುಂತಾನ, ಹೊಸಾದು ತಂದ ಕೊಡ ಅಂತ.